ಮುಲ್ಕಿ ಪಾಸಾಗದವಳು

ಬೇಯಿಸಿದ ಬಳಚಿನ ಚಿಪ್ಪು ತೆರೆದು ಮಾಂಸ ಬಿಡಿಸುತ್ತ ದುರ್ಗಿ ಅಂಗಳದಲ್ಲಿ ಕೂತಿದ್ದಳು. ಇನ್ನೂ ಅರ್ಧ ಬುಟ್ಟಿ ಬಾಕಿ. ಅಷ್ಟರಲ್ಲಿ ತದಡಿಯ ಮಣ್ಣುದಾರಿಯಲ್ಲಿ ಜೀಪು ಬಂದು ನಿಂತಿತು. ಸೆರಗಿಗೆ ಕೈ ಒರೆಸಿ ಎದ್ದಳು. ಕೆಲಸದ ಕಾಗದವೇ ಬಂತೋ ಏನೋ!

ಮೂರು ವರ್ಷದ ಹಿಂದೆ ಘಟ್ಟದ ಮೇಲಿನ ವಿಶ್ವವಿದ್ಯಾಲಯದಿಂದ ಕೃಷ್ಣಾನಂದ ಮಾಸ್ತರು ಅಘನಾಶಿನಿ ಹೊಳೆಯ ಚಿಪ್ಪುಗಳ ಸಂಶೋಧನೆಗೆಂದು ಬಂದಿದ್ದರು. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಲ್ಲಿ ನಿಂತು, ಕಾಲ್ಬೆರಳಲ್ಲೇ ಕೆಸರು ತಡವಿ, ಯಾವ ಚಿಪ್ಪು ಯಾವ ಜಾತಿ, ಯಾವ ತಿಂಗಳು ಕೊಬ್ಬುತ್ತದೆ, ಯಾವಾಗ ಸೊರಗುತ್ತದೆ ಎಂದು ಅವರಿಗೆ ಹೇಳಿಕೊಟ್ಟವಳು ದುರ್ಗಿ. ಮಗಳು ನಾಗಿ ದಡದಲ್ಲಿ ಕೂತು ಚೀಟಿ ಬರೆದಳು.

"ನಮ್ಮ ಪ್ರಯೋಗಶಾಲೆಗೆ ಸಹಾಯಕರನ್ನ ತಗೊಳ್ತಾರೆ. ಆ ಕೆಲಸ ನಿಂದೇ" ಎಂದಿದ್ದರು ಮಾಸ್ತರು. ತಿಂಗಳ ಸಂಬಳ, ಇರಲು ಕೋಣೆ, ನಾಗಿಗೆ ನಾಲ್ಕನೇ ಇಯತ್ತೆಯ ಆಚೆಗೂ ಶಾಲೆ.

ಬಳಚು ಹೆಕ್ಕಲು ಯಾರೂ ಒಬ್ಬರೇ ನೀರಿಗಿಳಿಯುವುದಿಲ್ಲ. ಒಬ್ಬಳ ಕಾಲು ಹೂತರೆ ಎಳೆಯಲು ಇನ್ನೊಬ್ಬಳು ಬೇಕು. ಆದರೆ ಮಾಸ್ತರ ಹೊತ್ತಿಗೆ ಸರಿಯಾಗಿ ಹೋಗಲು ದುರ್ಗಿ ಹೆಂಗಸರ ಗುಂಪು ಬಿಟ್ಟಿದ್ದಳು. "ಪೇಟೆಗೆ ಹೋಗ್ವವ್ಳಿಗೆ ನಾವೆಂತಕೆ?" ಎಂದು ಅವರು ಕರೆಯುವುದನ್ನೇ ನಿಲ್ಲಿಸಿದರು. ಗಂಡನನ್ನು ಕಡಲು ಒಯ್ದ ಮೇಲೆ ಉಳಿದಿದ್ದ ನಾಲ್ಕು ಮಾತೂ ಹೋದವು. ಈಗ ಅಷ್ಟು ದೊಡ್ಡ ನೀರಿನಲ್ಲಿ ಅವಳೊಬ್ಬಳೇ.

ಜೀಪಿನಿಂದ ಮಾಸ್ತರು ಇಳಿದರು. ಅವರ ಹಿಂದೆ ಖಾಕಿ ಅಂಗಿಯ ಹುಡುಗನೊಬ್ಬ ಇಳಿದ.

"ದುರ್ಗೀ, ಇವ ಪಾಂಡು. ನಮ್ಮ ಹೊಸ ಸಹಾಯಕ."

ದುರ್ಗಿ ಹುಡುಗನನ್ನು ನೋಡಿ ಮಾಸ್ತರ ಕಡೆ ತಿರುಗಿದಳು. "ಆ ಕೆಲ್ಸ ನಂಗೆ ಅಂದಿದ್ರಲ್ಲ, ಮಾಸ್ತರ್ರೇ?"

"ನಾ ಎಂತ ಮಾಡ್ಲಿ? ಏಳನೇ ಇಯತ್ತೆ, ಮುಲ್ಕಿ ಪರೀಕ್ಷೆ ಪಾಸಾದವರೇ ಬೇಕು ಅಂದ್ರು ಕಚೇರಿಯವರು. ಇವ ದೊಡ್ಡ ಸಾಹೇಬರ ಕಡೆಯವ. ಎಂಟು ದಿನ ಇಲ್ಲೇ ಬಿಟ್ಟು ಹೋಗ್ತೆ. ನೀ ಎಲ್ಲಾ ಕಲ್ಸಿಕೊಡು."

ಪಾಂಡು ನೆಲ ನೋಡಿದ. "ಅಕ್ಕಾ, ನಾ ಸಮುದ್ರ ನೋಡಿದ್ದ ಇವತ್ತ ರೀ."

"ಈಜೂಕಾದ್ರೂ ಬತ್ತದ್ಯಾ, ತಮ್ಮಾ?"

"ಇಲ್ರೀ."

ದುರ್ಗಿಗೆ ನಗು ಬಂತು, ಕಣ್ಣೂ ತುಂಬಿತು. ಈ ಹುಡುಗನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಮಾಸ್ತರು ಚೀಲದಿಂದ ದಪ್ಪ ಪುಸ್ತಕ ತೆಗೆದರು. "ಇದು ನಾ ಬರೆದ ಪ್ರಬಂಧ. ಇದಕ್ಕೇ ನಂಗೆ ಡಾಕ್ಟರ್ ಪದವಿ ಬಂತು. ಖುಷಿಯಾಯ್ತಲ್ಲ?"

ದುರ್ಗಿ ಪುಸ್ತಕ ಮುಟ್ಟಲಿಲ್ಲ. "ಇಳಿತ ಮಧ್ಯಾಹ್ನಕ್ಕೆ. ನೀವೇ ಇಳ್ದು ಕಲ್ಸಿ, ಮಾಸ್ತರ್ರೇ. ನಾ ಬರೂದಿಲ್ಲ."

"ಏಯ್, ಕಾಲಲ್ಲಿ ತಡವಿ ಹೇಳೂಕೆ ನಂಗೆಲ್ಲಿ ಬತ್ತದೆ?"

ಹೊಸ್ತಿಲಲ್ಲಿ ಇಷ್ಟು ಹೊತ್ತೂ ತುಟಿ ಕಚ್ಚಿ ನಿಂತಿದ್ದ ನಾಗಿ ಅಂಗಳಕ್ಕಿಳಿದಳು. ಅವ್ವಿಯ ಸೆರಗಿನ ಹಿಂದೆ ಅಡಗಲಿಲ್ಲ. ನೇರ ಮಾಸ್ತರ ಎದುರೇ ನಿಂತಳು.

"ಮಾಸ್ತರ್ರೇ, ನಮ್ಮ ಅವ್ವಿ ಕಲ್ಸಿದ್ದು ಬರ್ದು ನೀವು ಡಾಕ್ಟರ್ ಆದ್ರಿ. ಹಂಗಾರೆ ನಿಮ್ಗೆ ಕಲ್ಸಿದ ನಮ್ಮ ಅವ್ವಿ ಎಷ್ಟನೇ ಇಯತ್ತೆ ಪಾಸು?"