ಕೆಂಪು ಚುಕ್ಕೆಯವರೆಗಿನ ಪ್ರಶ್ನೆ

೧

ಈ ಕಥೆಯನ್ನು ಯಾರಿಂದ ಶುರು ಮಾಡಲಿ? ಅಭ್ಯರ್ಥಿಯಿಂದ ಶುರು ಮಾಡಿದರೆ ಅವರು ಮುಗಿಸಲು ಬಿಡುವುದಿಲ್ಲ. ಅಮ್ಮನಿಂದ ಶುರು ಮಾಡೋಣವೆಂದರೆ ಅವಳು ಬಾಯಿ ತೆರೆಯುವುದಿಲ್ಲ. ಬಟ್ಟೆ ಹೊಲಿಯುವವಳು, ತುಟಿಗಳ ನಡುವೆ ಸದಾ ಗುಂಡುಪಿನ್ನುಗಳು. ಹಾಗಾಗಿ ಮೈಕಿನಿಂದ ಶುರು ಮಾಡುತ್ತೇನೆ. ಅದಕ್ಕೆ ಸ್ವಂತ ಅಭಿಪ್ರಾಯವಿಲ್ಲ. (ಇದ್ದಿದ್ದರೆ ಚಿಕ್ಕಪ್ಪ ಅದನ್ನು ರಿಪೇರಿ ಮಾಡಿಬಿಡುತ್ತಿದ್ದ.)

ಚಿಕ್ಕಪ್ಪ ಸಭೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾನೆ. ನಾನು ಸ್ಕೂಲು ಬಿಟ್ಟಾಗ, "ನಿಂಗೆ ಹೇಗೂ ಮಾತು ಬರಲ್ಲ, ಬೇರೆಯವರ ಮಾತು ನೋಡ್ಕೊ" ಎಂದು ಮಿಕ್ಸರ್ ಮುಂದೆ ಕೂರಿಸಿದ. ಸಭಾಂಗಣದ ಹಿಂದಿನ ಮೂಲೆ, ಅಲುಗಾಡುವ ಮೇಜು, ದನಿ ಏರಿಸಿ ಇಳಿಸುವ ಸಾಲು ನಾಬ್‌ಗಳು. ವೇದಿಕೆಯ ಮೈಕನ್ನು ಎಷ್ಟು ಬೇಕಾದರೂ ಜೋರು ಮಾಡಬಹುದು. ಜನ ಪ್ರಶ್ನೆ ಕೇಳುವ ಮೈಕಿನ ನಾಬ್ ಪಕ್ಕದಲ್ಲಿ ಮಾತ್ರ ಒಂದು ಕೆಂಪು ಚುಕ್ಕೆ. ನನ್ನ ನೇಲ್‌ಪಾಲಿಶ್ ತೆಗೆದುಕೊಂಡು ಚಿಕ್ಕಪ್ಪನೇ ಇಟ್ಟದ್ದು. ಪ್ರಶ್ನೆ ಅಲ್ಲಿಯವರೆಗೆ. ಅದನ್ನು ದಾಟಿದರೆ ಮುಂದಿನ ಸಭೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ. ಯಾವ ಪಕ್ಷದ ಸಭೆಗೂ ಇದೇ ಚುಕ್ಕೆ. ನಾವು ನಿಷ್ಪಕ್ಷಪಾತಿಗಳು.

೨ (ಹೊಡೆದುಹಾಕಿದ ಡ್ರಾಫ್ಟ್)

"ವೇದಿಕೆ ಏರಿದ ಅಭ್ಯರ್ಥಿಯ ಮುಖದಲ್ಲಿ ಭವಿಷ್ಯದ ಬೆಳಕಿತ್ತು."

ಬೆಳಕು ನಮ್ಮ ಹ್ಯಾಲೊಜನ್ ದೀಪದ್ದು. ಅದರ ಬಾಡಿಗೆ ಬೇರೆ. ಹೊಡೆದುಹಾಕಿದೆ.

೩

ಶಾಸಕರಾಗಲು ನಿಂತಿರುವ ಈ ಅಭ್ಯರ್ಥಿಯ ವಿಚಾರಗಳು ಎರಡೇ. ಊರು ಬೆಳೆಯಬೇಕು. ಸಾರ್ವಜನಿಕರ ದುಡ್ಡು ಪೋಲಾಗಬಾರದು. ಊರು ಬೆಳೆಯಬೇಕಾದರೆ ನಮ್ಮ ಬೀದಿ ಅಗಲವಾಗಬೇಕಂತೆ, ಅದರ ತುದಿಯಲ್ಲಿ ಮಾಲ್ ಬರುತ್ತದಲ್ಲ. ರಸ್ತೆಯನ್ನು ಸರ್ಕಾರದ ದುಡ್ಡಲ್ಲೇ ಮಾಡಬೇಕು, ಅದು ಹೂಡಿಕೆ. ಒಡೆಯುವ ಅಂಗಡಿಗಳ ಬಾಡಿಗೆದಾರರಿಗೆ ಪರಿಹಾರ ಕೊಟ್ಟರೆ ಅದು ಪೋಲು.

ಅಮ್ಮನ ಹೊಲಿಗೆ ಅಂಗಡಿ ಆ ಬೀದಿಯಲ್ಲೇ, ಬಾಡಿಗೆಯದು. ಮಷಿನ್, ಸ್ಟೂಲ್, ಕನ್ನಡಿ. ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಹೋಗಿ ನಿಲ್ಲಬೇಕು, ಅಷ್ಟು ಜಾಗ. ನಮ್ಮ ಮನೆ ನಡೆಯುತ್ತಿರುವುದು ಅದರಿಂದಲೇ.

೪

ಇಲ್ಲಿ ಅಭ್ಯರ್ಥಿ ಕಥೆಯೊಳಗಿನಿಂದ ತಲೆ ಎತ್ತಿದರು.

"ಏನಮ್ಮಾ, ನಿನ್ನ ಕಥೇಲಿ ಗ್ರೋತೇ ಇಲ್ವಲ್ಲ! ನಂಗೆ ಎಷ್ಟು ಪ್ಯಾರಾ ಕೊಟ್ಟಿದ್ದೀಯ?"

"ಒಂದು, ಸರ್."

"ಅಗಲ ಮಾಡು. ಪಕ್ಕದಲ್ಲಿ ಯಾವುದೋ ಸ್ಟೂಲು, ಕನ್ನಡಿ ಅಂತ ಒತ್ತುವರಿ ಮಾಡ್ಕೊಂಡಿದೆ ನೋಡು, ಅದನ್ನ ತೆಗಿ."

"ಅದು ನಮ್ಮಮ್ಮನ ಅಂಗಡಿ, ಸರ್."

"ಹೌದಾ? ಪಾಪ. ಕಥೆ ಕೊನೇಲಿ ಎಲ್ಲಾದ್ರೂ ಜಾಗ ಕೊಡೋಣ ಬಿಡು. ಇದು ನನ್ನ ಭರವಸೆ."

(ಓದುಗರೆ, ನಾನು ಎದುರು ಮಾತಾಡುವವಳಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಒಳಗಿನಿಂದಲೇ 'ಮನೇಲಿ ಯಾರೂ ಇಲ್ಲ' ಎಂದು ಕೂಗುವವಳು. ಆದರೆ ಪೆನ್ನು ನನ್ನ ಕೈಯಲ್ಲಿತ್ತಲ್ಲ, ಅವರ ಮುಂದಿನ ಪ್ಯಾರಾದ ಅನುದಾನ ಕಡಿತ ಮಾಡಿದೆ.)

೫

ಸಭೆಯಲ್ಲಿ ಪ್ರಶ್ನೆ ಕೇಳುವ ಹೊತ್ತು ಬಂತು. ಎದ್ದು ನಿಂತದ್ದು ಅಮ್ಮ.

ಅವಳು ಬರುತ್ತಾಳೆಂದು ನನಗೇ ಗೊತ್ತಿರಲಿಲ್ಲ. ಅಂಗಡಿಯಿಂದ ನೇರ ಬಂದಿದ್ದಳು. ಮೈಕಿನ ಮುಂದೆ ನಿಂತು, ತುಟಿಯಲ್ಲೇ ಮರೆತಿದ್ದ ಪಿನ್ನು ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು.

"ರಸ್ತೆ ನಮ್ದೇ ದುಡ್ಡಲ್ಲಿ. ಮಾಲು..."

ಮುಂದಿನದು ಕೆಂಪು ಚುಕ್ಕೆಯಲ್ಲೇ ಉಳಿಯಿತು. ಹಿಂದಿನ ಸಾಲಿನಿಂದ ಯಾರೋ, "ಜೋರಾಗಿ ಹೇಳಕ್ಕಾ!" ಎಂದರು. ಅಭ್ಯರ್ಥಿ ಕಿವಿಗೆ ಕೈ ಇಟ್ಟು ಆಲಿಸಿದರು, ನಕ್ಕರು.

"ಅಕ್ಕ ನಮ್ಮ ಯೋಜನೆ ಮೆಚ್ಕೊಂಡಿದ್ದಾರೆ. ಒಂದು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಅಮ್ಮ ಅವರನ್ನು ನೋಡಲಿಲ್ಲ. ತಿರುಗಿ, ಹಿಂದಿನ ಮೂಲೆಯಲ್ಲಿ ಕೂತಿದ್ದ ನನ್ನನ್ನು ನೋಡಿದಳು.

ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ. "ಮುಟ್ಟಿದ್ರೆ ನೋಡು. ಈ ಎಲೆಕ್ಷನ್ ಪೂರ್ತಿ ಇವರ ಆರ್ಡರೇ ನಮ್ಗೆ. ಅತ್ತಿಗೆಗೆ ಮನೇಲಿ ನಾನು ಹೇಳ್ಕೋತೀನಿ."

೬

ಈಗ ಕೊನೆಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ನಾನು ನಾಬ್ ಮುಟ್ಟುವುದಿಲ್ಲ. ಅಮ್ಮ ಮನೆಗೆ ಬಂದು ಏನೂ ಕೇಳುವುದಿಲ್ಲ. ಊಟಕ್ಕೆ ಕರೆಯುವಾಗ ನನ್ನ ಮುಖ ನೋಡುವುದಿಲ್ಲ, ಅಷ್ಟೆ.

ಅಥವಾ, ಅಭ್ಯರ್ಥಿ ಸೂಚಿಸಿದ ಕೊನೆ: ಮಾಲ್ ಬರುತ್ತದೆ, ಅಮ್ಮನಿಗೆ ಅಲ್ಲೇ ಕೆಲಸ ಸಿಗುತ್ತದೆ, ಗಾಜಿನ ಬಾಗಿಲು ತೆರೆದು ನಗುವುದು. ಎಲ್ಲರೂ ಬೆಳೆಯುತ್ತಾರೆ.

"ಕರೆಂಟ್ ಹೋಯ್ತು ಅಂತ ಬರಿ. ಯಾರ ತಪ್ಪೂ ಇರಲ್ಲ" ಎನ್ನುತ್ತಾನೆ ಚಿಕ್ಕಪ್ಪ. ಒಳ್ಳೆಯ ಕೊನೆಯೇ. ಆದರೆ ಜನರೇಟರೂ ನಮ್ಮದೇ.

೭

ನಾಬ್ ತಿರುಗಿಸಿದೆ. ಚುಕ್ಕೆ ದಾಟಿತು. ಸ್ಪೀಕರ್ ಒಮ್ಮೆ ಕಿರುಚಿ ಸುಮ್ಮನಾಯಿತು. ಅಮ್ಮನ ಉಸಿರು ಸಭಾಂಗಣಕ್ಕೆಲ್ಲ ಕೇಳಿಸಿತು.

"ಈಗ ಕೇಳ್ತಿದ್ಯಾ?" ಎಂದು ಕೇಳಿದಳು, ನನ್ನನ್ನೇ. ತಲೆಯಾಡಿಸಿದೆ.

"ಹಾಗಾದ್ರೆ ಮೊದ್ಲಿಂದ ಹೇಳ್ತೀನಿ. ನಾನೇನೂ ಮೆಚ್ಕೊಂಡಿಲ್ಲ. ರಸ್ತೆ ನಮ್ದೇ ದುಡ್ಡಲ್ಲಿ. ಮಾಲು ಯಾರ್ದು? ನನ್ನ ಮಷಿನ್ ಎತ್ಕೊಂಡು ಹೋಗಿ ಎಲ್ಲಿಡ್ಲಿ?"

ಈ ಸಲ ಯಾರೂ ಕೇಳದೆಯೇ ಚಪ್ಪಾಳೆ ಬಿತ್ತು. ಅಭ್ಯರ್ಥಿ ನೀರು ಕುಡಿದರು. ಇನ್ನೊಂದು ಗುಟುಕು ಕುಡಿದರು. ಆಮೇಲೆ ಮೂಲೆಯ ಕಡೆಗೆ ಕೈಬೀಸಿದರು.

"ಟೈಮಾಯ್ತು. ಕಥೆ ಇಲ್ಲಿಗೆ ಮುಗಿಸಮ್ಮಾ."

ಆಗುವುದಿಲ್ಲ ಸರ್. ಕಥೆ ಮುಗಿದರೆ ನಾನು ಮೈಕ್ ಆಫ್ ಮಾಡಬೇಕಾಗುತ್ತದೆ. ಚಿಕ್ಕಪ್ಪ ಆಗಲೇ ವೈರ್ ಸುತ್ತಲು ಎದ್ದಿದ್ದಾನೆ. ಪ್ಲಗ್ಗಿಗೆ ಅಡ್ಡವಾಗಿ ನನ್ನ ಕುರ್ಚಿ ಇದೆ. ಅಮ್ಮ ಮೈಕ್ ಬಿಟ್ಟಿಲ್ಲ. ನೀವಿನ್ನೂ ಉತ್ತರ ಹೇಳಿಲ್ಲ.

ಓದುಗರೆ, ಸ್ವಲ್ಪ ಕಾಲೆತ್ತಿ. ಅಮ್ಮನ ಮೈಕಿನ ವೈರಿನ ಮೇಲೆ ನಿಂತಿದ್ದೀರಿ.