ಐದು ಮೊಳೆಯ ಹೆಜ್ಜೆ

ಸೊಸೆ ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ. ಅದು ಪಕ್ಕದಲ್ಲೇ ಮೊರೆಯುತ್ತಿದ್ದರೂ ಅವಳ ಕಣ್ಣು ಮುಂದೆ ನಡೆಯುತ್ತಿದ್ದ ಮಾವನ ಕಂದು ಬೂಟಿಗೇ ಅಂಟಿಕೊಂಡಿತ್ತು.

ಅವರದು ಬೂಟು ಹೊಲಿಯುವ ಅಂಗಡಿ. ಅವಳಿಗಿದ್ದ ಕೆಲಸ ಪಾಲಿಶ್ ಹಚ್ಚುವುದು, ಮಿಷನ್ನಿಗೆ ಎಣ್ಣೆ ಬಿಡುವುದು. ಮಾವ ಊಟಕ್ಕೆ ಹೋದಾಗ ಕದ್ದು ಕೂತು ಆ ಬೂಟಿನ ಮೇಲ್ಭಾಗ ಹೊಲಿದಿದ್ದಳು. ಸಿಕ್ಕಿಬಿದ್ದಾಗ ಮಾವ ಬೈಯಲಿಲ್ಲ. ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು.

"ಅಡಿಯ ಅಟ್ಟೆ ನಾನೇ ಹಾಕ್ತೀನಿ. ಭಾನುವಾರ ಹಾಕ್ಕೊಂಡು ಲೈಟ್‌ಹೌಸ್‌ಗೆ ಹೋಗಿ ಬರ್ತೀನಿ. ಹೊಲಿಗೆ ಬಿಡದಿದ್ರೆ ಮಿಷನ್ ನಿಂದು. ಬಿಡ್ತೋ, ಪಾಲಿಶ್ ಡಬ್ಬಿನೇ ಗತಿ."

"ಹೆಂಡ್ತೀನ ಒಂದಿನ ಸುತ್ತಾಡಿಸಲಿಲ್ಲ, ಬೂಟಿಗೆ ಯೋಗ ನೋಡು" ಎಂದು ಅತ್ತೆಯೂ ಬಾಳೆಹಣ್ಣಿನ ಚೀಲ ಹಿಡಿದು ಹೊರಟರು. ಮಧ್ಯಾಹ್ನದ ಊಟಕ್ಕೆ ವಾಪಸ್ಸೆಂಬ ಲೆಕ್ಕ.

ಮರಳಿನ ದಾರಿ ಕವಲೊಡೆಯುವಲ್ಲಿ ಗುಡ್ಡ ಹತ್ತುವ ಮೆಟ್ಟಿಲುಗಳಿದ್ದವು. ಪಕ್ಕದ ಕಂಬದಲ್ಲಿ ಲೈಟ್‌ಹೌಸ್‌ಗೆ ದಾರಿ ತೋರಿಸುವ, ಕುರುಡನಿಗೂ ಕಾಣುವಂಥ ಬಾಣದ ಗುರುತು. ಆದರೆ ಬೂಟಿನ ಅಂಗಡಿಯವರಿಗೊಂದು ಚಾಳಿ: ಎದುರಿಗೆ ಯಾರೇ ಬರಲಿ, ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ. ಮೂವರೂ ನೆಲ ನೋಡುತ್ತಲೇ ಕಂಬ ದಾಟಿದರು. ಅವರಿಗೆ ಕಂಡದ್ದು ಒದ್ದೆ ಮರಳಿನ ಮೇಲಿದ್ದ ಹೆಜ್ಜೆಗುರುತು.

"ನಿಲ್ಲಿ!" ಮಾವ ಮಂಡಿಯೂರಿ ಕೂತರು. "ಹಿಮ್ಮಡೀಲಿ ಐದು ಮೊಳೆ, ಮಧ್ಯದ್ದು ಓರೆ. ನನ್ನ ಕೈಕೆಲಸ! ನನ್ನ ಬೂಟು ಹಾಕ್ಕೊಂಡೋನು ಇಲ್ಲಿ ಇನ್ನೆಲ್ಲಿಗೆ ಹೋಗ್ತಾನೆ? ಲೈಟ್‌ಹೌಸ್‌ಗೇ. ಬನ್ನಿ ಹಿಂದೇನೇ."

"ಬೂಟು ನಿಮ್ದು ಸರಿ. ಕಾಲು ಅವನ್ದಲ್ವಾ?" ಎಂದರು ಅತ್ತೆ. ಮಾವ ಆಗಲೇ ಹೊರಟಾಗಿತ್ತು.

ಹೆಜ್ಜೆಗಳು ಒಂದು ಬಂಡೆ ಸುತ್ತಿದವು, ಇನ್ನೊಂದು ಸುತ್ತಿದವು, ಮೊಣಕಾಲುದ್ದ ನೀರಿಗಿಳಿದು ಆಚೆ ದಡದಲ್ಲಿ ಎದ್ದವು. ಬಾಳೆಹಣ್ಣು ಮುಗಿಯಿತು. ಊಟದ ಹೊತ್ತು ದಾಟಿ ಬಿಸಿಲು ಇಳಿಯತೊಡಗಿತು.

"ಲೈಟ್‌ಹೌಸೂ ನಮ್ಮ ಜೊತೆಗೇ ನಡೀತಿದೆಯೇನ್ರೀ?"

ಸೊಸೆ ಆಗ ಮೊದಲ ಸಲ ತಲೆಯೆತ್ತಿದಳು. ದೀಪಸ್ತಂಭ ಕಂಡಿತು. ಬೆನ್ನ ಹಿಂದೆ, ಬಹಳ ದೂರದ ಗುಡ್ಡದ ಮೇಲೆ. ಹೇಳಿದರೆ ಮಾವನಿಗೆ ಮುಖಭಂಗ; ಆಮೇಲೆ ಮಿಷನ್ ಕೊಟ್ಟ ಹಾಗೇ! ಸುಮ್ಮನಿದ್ದರೆ ಹೊಲಿಗೆಗೆ ಗಂಡಾಂತರ. ಕೊನೆಗೆ ಕೆಮ್ಮಿದಳು.

"ನೀರಲ್ಲಿ ಇಳಿಸಿ ಹುಡುಗಿಗೆ ನೆಗಡಿ ತರಿಸಿದ್ರಿ" ಎಂದು ಅತ್ತೆ ಗಂಡನಿಗೆ ಬೈದರು. ಅಷ್ಟಕ್ಕೇ ಅದು ಮುಗಿಯಿತು.

ಕೊನೆಯ ಬಂಡೆಯ ಮೇಲೆ ಐದು ಮೊಳೆಯ ಬೂಟು ಸಿಕ್ಕಿತು. ಹಾಕಿಕೊಂಡಿದ್ದವರು ಹಳೆಯ ಗಿರಾಕಿ, ನಿವೃತ್ತ ಪೋಸ್ಟ್‌ಮ್ಯಾನ್. ನೀರಿಗೆ ಗಾಳ ಇಳಿಬಿಟ್ಟು ಕೂತಿದ್ದರು.

"ಲೈಟ್‌ಹೌಸ್‌ಗೆ ಹೊರಟಿದ್ರಲ್ವಾ?" ಮಾವನ ದನಿಯಲ್ಲಿ ಹೌದೆನ್ನಿ ಎಂಬ ಬೇಡಿಕೆಯಿತ್ತು.

"ಎಲ್ಲಿಗೂ ಇಲ್ಲಪ್ಪ. ಜನ್ಮವೆಲ್ಲ ವಿಳಾಸ ನೋಡಿ ನಡೆದೆ. ಈಗ ವಿಳಾಸ ಇಲ್ಲದ ಕಡೇನೇ ನಡೆಯೋದು."

ಅತ್ತೆ ಅಲ್ಲೇ ಕುಸಿದು ಕೂತರು. ಮಾವ ಮುಖ ತಪ್ಪಿಸಿ ಹೆಜ್ಜೆ ಇಟ್ಟರು. ಪಟ್ ಅಂತ ಸದ್ದಾಯಿತು.

ಮಾವ ಬೂಟು ಕಳಚಿ ತಿರುಗಿಸಿ ನೋಡಿದರು. ಮೇಲಿನ ಹೊಲಿಗೆ ಕಲ್ಲಿನಂತೆ ಕೂತಿತ್ತು. ಉಪ್ಪುನೀರಿಗೆ ಗೋಂದು ಬಿಟ್ಟು, ಅಟ್ಟೆ ಮೊಸಳೆಯಂತೆ ಬಾಯಿ ತೆರೆದಿತ್ತು.

ಅತ್ತೆ ಬಗ್ಗಿ ಇಣುಕಿದರು. "ಇದು ಯಾರ ಕೈಕೆಲಸ?"

ಮಾವ ಬೂಟಿನೊಳಗಿನ ಮರಳು ಕೊಡವತೊಡಗಿದರು. ಸೊಸೆ ಪೋಸ್ಟ್‌ಮ್ಯಾನ್ ಹತ್ತಿರ ಸಣ್ಣ ದನಿಯಲ್ಲಿ ಒಂದು ಮಾರು ಗಾಳದ ದಾರ ಕೇಳಿ ಪಡೆದು, ಬಾಳೆಹಣ್ಣಿನ ಚೀಲದ ತಳದಿಂದ ದಬ್ಬಳ ತೆಗೆದಳು.

"ದಬ್ಬಳ ಯಾಕೆ ತಂದಿದ್ದೆ?" ಮಾವ ಕಣ್ಣು ಕಿರಿದು ಮಾಡಿದರು.

ಅವಳ ಕಿವಿ ಕೆಂಪಾಯಿತು. "ಹೊಲಿಗೆ ಬಿಟ್ರೆ... ನೀವು ನೋಡೋ ಮುಂಚೆ... ಆದ್ರೆ ದಾರ ಮರೆತುಬಿಟ್ಟೆ ಮಾವ."

"ಕಳ್ಳಿ" ಎಂದು ಮಾವ ಬೂಟನ್ನು ಅವಳ ಮಡಿಲಿಗೆ ಹಾಕಿದರು.

ವಾಪಸ್ಸು ಬರುವಾಗ ಗಾಳದ ದಾರದಿಂದ ಅವಳು ಹೊಲಿದ ಅಟ್ಟೆ ಒಂದಿಷ್ಟೂ ಅಲುಗಲಿಲ್ಲ. ಕಂಬದ ಹತ್ತಿರ ಅತ್ತೆ ಬೆರಳು ತೋರಿಸಿದರು. ಮಾವ ಬಾಣವನ್ನು ದಿಟ್ಟಿಸಿ, "ಇದನ್ನ ಈಗ ತಾನೇ ಹಾಕಿದಾರೆ" ಎಂದರು.

ಸೊಸೆ ಧೈರ್ಯ ಮಾಡಿದಳು. "ಲೈಟ್‌ಹೌಸ್ ಮುಟ್ಟಲೇ ಇಲ್ವಲ್ಲ ಮಾವ..."

"ನಾಳೆ ಬೆಳಗ್ಗೆ ಮಿಷನ್ನಿಗೆ ಎಣ್ಣೆ ಬಿಡು."

ಅವಳ ಮುಖ ಬಾಡಿತು. ದಿನವೂ ಮಾಡುವ ಕೆಲಸ.

"ಬಿಟ್ಟು ಎದ್ದು ಹೋಗ್ಬೇಡ. ಅಲ್ಲೇ ಕೂತ್ಕೋ."

"ಹಾಗಾದ್ರೆ ಇನ್ಮೇಲೆ ಅಟ್ಟೆ ಯಾರು ಹಾಕ್ತಾರೆ?" ಎಂದರು ಅತ್ತೆ.

ಅಲೆಯ ಸದ್ದಿನಲ್ಲಿ ಮಾವನಿಗೆ ಅದು ಕೇಳಿಸಲಿಲ್ಲ. ಅಲೆಗಳೇನೋ ಆಗ ಬಹಳ ದೂರದಲ್ಲಿದ್ದವು.