ದುಡಿಯದ ಅಣ್ಣ

ಚಟ್ಟದ ಬಿದಿರಿಗೆ ಹುರಿ ಬಿಗಿಯುತ್ತಿದ್ದ ಮುನಿವೆಂಕಟಯ್ಯ ತಲೆಯೆತ್ತಿ ಬಿಸಿಲು ನೋಡಿದ. ಕಾದು ಕಾದು ನಿನ್ನೆ ಮಳೆ ಬಂದಿತ್ತು. ಪುಟ್ಟೇನಹಳ್ಳಿಯ ಗಂಡಸರೆಲ್ಲ ನೇಗಿಲು ಹೊತ್ತು ಹೊಲ ಸೇರಿದ್ದರು.

"ಬೇಗ ಎತ್ಬುಡಾನ. ಮಣ್ಣಿನ ಹದ ಆರೋಯ್ತದೆ."

"ಚಟ್ಟ ಒರಾಕೆ ಜನ ಬ್ಯಾಡ್ವೇನೋ?" ಎಂದರು ಮುದುಕ ಚಿಕ್ಕಹನುಮಯ್ಯ.

"ನಮ್ಮಣ್ಣನ್ಗೆ ಯಾರ್ ಬತ್ತಾರೆ ಮಾವ? ಸೊಂಟ ಮುರ್ಕೊಂಡು ಬಂದೋನು ಕುಂತೇ ಉಂಡ. ಒಂದು ಉಲ್ಲುಕಡ್ಡಿ ಎತ್ತಿಟ್ಟೋನಲ್ಲ."

ಜಗುಲಿಯಲ್ಲಿ ಒರಗಿಸಿ ಕೂರಿಸಿದ್ದ ಚಿಕ್ಕಮಾರಯ್ಯನ ಹೆಣದ ಮುಖದಿಂದ ನೊಣ ಓಡಿಸುತ್ತಿದ್ದ ಅಂಜಿನಮ್ಮ ಗಂಡನನ್ನು ತಡೆಯಲಿಲ್ಲ. ಬಾವನಿಗೆ ಮುದ್ದೆ ಇಕ್ಕುವಾಗ ಅವಳೂ ಆ ಮಾತು ಆಡಿದವಳೇ.

ಎತ್ತುಗಳಿಗೆ ಲಾಳ ಕಟ್ಟುವ ಲಾಲ್ ಸಾಬ್ ಹೆಂಡತಿಯೊಂದಿಗೆ ಬಂದ. ಅವಳು, ಕುಬ್ರಾ, ಅಂಗಳದ ಅಂಚಿನಲ್ಲೇ ಕುಸಿದು ಅಳತೊಡಗಿದಳು.

"ನಮ್ ಬಾವ ನಿಂಗೇನಾಗ್ಬೇಕು ಕುಬ್ರಾ?" ಅಂಜಿನಮ್ಮನಿಗೆ ಅಚ್ಚರಿ.

ಕುಬ್ರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

*

ಯಶವಂತಪುರದಲ್ಲಿ ಮರದ ದಿಮ್ಮಿ ಇಳಿಸುವಾಗ ಪೆಟ್ಟಾಗಿ ಚಿಕ್ಕಮಾರಯ್ಯ ಊರಿಗೆ ಮರಳಿದ ವರ್ಷ. ತಮ್ಮನ ಅನ್ನಕ್ಕೆ ಭಾರವಾಗಿ ಇರುವುದು ಸಾಕೆನಿಸಿ, ಒಂದು ಮಧ್ಯಾಹ್ನ ಕೋಲೂರಿಕೊಂಡು ಕೆರೆಗೆ ಹೋದ. ತೂಬಿನ ಹತ್ತಿರ ಕುಬ್ರಾ ಕೂತಿದ್ದಳು. ಅವಳ ಮಗು ಜ್ವರದಲ್ಲಿ ತೀರಿಕೊಂಡಿತ್ತು. ಅವಳು ಮರೆಯಲಿ ಎಂದು ಮನೆಯಲ್ಲಿ ಯಾರೂ ಮಗುವಿನ ಮಾತೆತ್ತುತ್ತಿರಲಿಲ್ಲ.

ಅವಳು ಎದ್ದುಹೋಗಲೆಂದು ಚಿಕ್ಕಮಾರಯ್ಯ ಕಾದ. ಅವಳು ಏಳಲಿಲ್ಲ.

"ಮಗೀನ ಎಸರೇನವ್ವಾ?" ಕೊನೆಗೆ ಕೇಳಿದ.

"ಗಯಾಸ್."

ಹೆಸರಿನ ಹಿಂದೆಯೇ ಅಳು ಬಂತು, ಅಳುವಿನ ಹಿಂದೆ ಮಾತು. ಹಲ್ಲು ಮೂಡಿದ್ದು, ಬೆಲ್ಲ ಕದ್ದು ನಕ್ಕದ್ದು, ಕೊನೆಗೆ ನೀರೂ ಇಳಿಯದೇ ಹೋದದ್ದು. ಹೊತ್ತು ಇಳಿಯುವವರೆಗೂ ಅವನು ಕೇಳಿದ.

"ನಾಳೆನೂ ಬರ್ತೀರಾ, ಅಣ್ಣಾ?"

ಚಿಕ್ಕಮಾರಯ್ಯ ನೀರನ್ನೊಮ್ಮೆ ನೋಡಿ ಊರ ಕಡೆ ತಿರುಗಿದ.

"ಬತ್ತೀನಿ."

*

"ನಮ್ಮೋಳು ಆಸಿಗೆ ಇಡಿದಾಗ್ಲೂ ದಿನಾ ಬಂದು ಪಕ್ಕದಲ್ಲಿ ಕುಂತ್ಕಳೋನು," ಎಂದರು ಚಿಕ್ಕಹನುಮಯ್ಯ, ಕುಬ್ರಾ ಹೇಳಿದ್ದನ್ನು ಕೇಳಿ. "ಅವನು ಬರೋಗಂಟ ಅವಳು ಗಂಜಿ ಮುಟ್ತಿರ್ಲಿಲ್ಲ."

ಮುನಿವೆಂಕಟಯ್ಯನ ಕೈ ಹುರಿಯ ಮೇಲೆ ನಿಂತಿತು. "ನಂಗೊತ್ತೇ ಇಲ್ವಲ್ಲ ಮಾವ."

"ನೀನು ಒಲದಾಗಿರ್ತಿದ್ದೆ."

ಚಟ್ಟ ಎತ್ತಿದಾಗ ಲಾಲ್ ಸಾಬ್ ಹೆಗಲು ಕೊಟ್ಟ. ಹಗುರವಾಗಿತ್ತು ಹೆಣ. ತಮಟೆಯ ಸದ್ದು ಕೆರೆ ಏರಿಯನ್ನು ಮುಟ್ಟುವ ಹೊತ್ತಿಗೆ ಕೆಸರುಗಾಲಿನ ಗಂಡಸರು ಒಬ್ಬೊಬ್ಬರಾಗಿ ಏರಿ ಹತ್ತಿ ಬಂದು ಜೊತೆಗೂಡಿದರು. ನಿಮ್ಮ ನಿಮ್ಮ ಕೆಲಸ ನೋಡ್ಕಳಿ ಎನ್ನಲು ಮುನಿವೆಂಕಟಯ್ಯ ಬಾಯಿ ತೆರೆದ. ಮತ್ತೆ ಮುಚ್ಚಿ, ಬಂದವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ.

ಏರಿಯ ಕೆಳಗೆ, ಅರ್ಧ ಉತ್ತ ಸಾಲುಗಳಲ್ಲಿ, ನೊಗ ಹೊತ್ತ ಎತ್ತುಗಳು ಹಾಗೇ ನಿಂತಿದ್ದವು. ಅವುಗಳ ಕಾಲ ಬಳಿ ಮಣ್ಣು ಹಬೆಯಾಡುತ್ತ ಒಣಗುತ್ತಿತ್ತು.